ಪೊರ್ಬುಗಳು ನೋಡಿದ ಮನೆಮೋಟಾರು

ಮೋಟಾರು ನೋಡಲು ಹೊರಡುವ ದಿನ ಅವರು ಕರಿಕೋಟು ಹಾಕಿ, ತಲೆಗೆ ಟೊಪ್ಪಿ ಇಟ್ಟು, ಬರಿಗಾಲಲ್ಲಿ ಬರುತ್ತಿದ್ದರು. ಆದಿತ್ಯವಾರ ಇಗರ್ಜಿಯ ಪೂಜೆಗೆ ಹೋಗುವಾಗ ಮೆಟ್ಟುವ ಜೋಡು ಆ ದಿನ ಮನೆಯಲ್ಲೇ ಇರುತ್ತಿತ್ತು. ಮೊದಲ ಸಲ ಆ ವೇಷ ಕಂಡು ನಾನು ನಕ್ಕುಬಿಟ್ಟಿದ್ದೆ.

"ಎಂತ ನಗುವುದು ಮಾರಾಯರೇ? ಹಲಗೆ ಗಟ್ಟಿ ಉಂಟಾ ಇಲ್ವಾ ಅಂತ ಜೋಡಿಗೆ ಗೊತ್ತಾಗ್ತದಾ?" ಎಂದು ಕೇಳಿದ್ದರು. ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇಷ್ಟೂ ತಿಳಿಯದವನು ಮೋಟಾರು ನೋಡಲು ಹೊರಟಿದ್ದಾನಲ್ಲ ಎಂಬ ಕಾಳಜಿ ಇತ್ತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಒಮ್ಮೆ ನನ್ನಿಂದ ಬೇಕಾದಷ್ಟು ಹಾಳಾಗಿದೆ. ತುಳು ಮಾತನಾಡುವ ನಾವು ಕೊಂಕಣಿ ಕ್ರಿಸ್ತರನ್ನು ಪೊರ್ಬುಗಳು ಎನ್ನುವುದು ರೂಢಿ. ಮಂಗಳೂರಿನಲ್ಲಿ ಪೊರ್ಬುಗಳಿಗೆ ಬರಗಾಲವಿಲ್ಲ. ಆದರೆ ಹಳೆ ಮೋಟಾರಿನ ಮಾತು ಬಂದಾಗ "ಯಾವುದಕ್ಕೂ ಪೊರ್ಬುಗಳಿಗೆ ಒಮ್ಮೆ ತೋರಿಸಿ" ಎಂದು ಯಾರಾದರೂ ಹೇಳಿದರೆ, ಅದು ಬಿಜೈಯ ಈ ಒಬ್ಬರೇ ಎಂದು ಎಲ್ಲರಿಗೂ ಗೊತ್ತಿತ್ತು. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಕಾಲ ಅದು.

ಮೂಲದಲ್ಲಿ ಅವರು ಬಡಗಿ. ಇಗರ್ಜಿಗೆ ಬೆಂಚು ಮಾಡುತ್ತಿದ್ದವರು, ಊರಿಗೆ ಬಸ್ಸುಗಳು ಬಂದ ಮೇಲೆ ಬಸ್ಸಿನ ಬಾಡಿ ಕಟ್ಟಲು ಕಲಿತರು. ಆಗಿನ ಮೋಟಾರುಗಳಲ್ಲಿ ಕೆಳಗಿನ ಕಬ್ಬಿಣ ಮಾತ್ರ ಸಮುದ್ರದಾಚೆಯಿಂದ ಬರುತ್ತಿತ್ತು, ಮೇಲಿನದೆಲ್ಲ ಇಲ್ಲಿಯ ಮರ, ಇಲ್ಲಿಯ ಕೈಕೆಲಸ. ಇಂಜಿನು ಬಿಚ್ಚಿ ಜೋಡಿಸುವ ಜನ ಬೇರೆ ಇದ್ದರು. ಇಂಜಿನನ್ನೂ ಮರವನ್ನೂ ಒಟ್ಟಿಗೆ ಓದಬಲ್ಲವರು ಇವರೊಬ್ಬರೇ. ಹಾಗಾಗಿ ಡಾಕ್ಟರರಿಗೆ, ವಕೀಲರಿಗೆ, ಬಸ್ಸು ಓಡಿಸುವವರಿಗೆ ಇವರು ಬೇಕಾಗಿತ್ತು. ಬೇಡ ಎಂದರೂ ಸರಿ ಎಂದರೂ ಅವರು ತೆಗೆದುಕೊಳ್ಳುತ್ತಿದ್ದದ್ದು ಬಡಗಿಯ ಒಂದು ದಿನದ ಕೂಲಿಯನ್ನೇ. ಮಾರುವವರ ಕೈಯಿಂದ ಒಂದು ಬಾಳೆಹಣ್ಣನ್ನೂ ತೆಗೆದುಕೊಂಡವರಲ್ಲ.

ಅವರ ನೋಟದ ಕ್ರಮವೇ ಬೇರೆ. ಎಲ್ಲರೂ ಹೋಗಿ ಮೋಟಾರಿನ ಮುಖ ನೋಡಿದರೆ ಇವರು ಅದು ನಿಂತ ನೆಲ ನೋಡುತ್ತಿದ್ದರು. "ಎಣ್ಣೆ ಎಲ್ಲಿ ಬಿದ್ದಿದೆ, ನೀರು ಎಲ್ಲಿ ಬಿದ್ದಿದೆ, ಎಲ್ಲ ಅಲ್ಲಿ ಉಂಟು. ಮೋಟಾರನ್ನು ತೊಳೆಯುತ್ತಾರೆ, ನೆಲವನ್ನು ಯಾರು ತೊಳೀತಾರೆ?" ಎನ್ನುತ್ತಿದ್ದರು. ಆಮೇಲೆ ಮಾತಿಲ್ಲದೆ ಬಾನೆಟ್ಟಿನ ಮೇಲೆ ಅಂಗೈ ಇಡುವುದು, ಜ್ವರ ನೋಡಿದ ಹಾಗೆ. ಬಂದರಿನ ಒಬ್ಬ ವ್ಯಾಪಾರಿ ನಾವು ಬರುವ ಮೊದಲೇ ಇಂಜಿನು ಓಡಿಸಿ ಬಿಸಿ ಮಾಡಿ ಇಟ್ಟಿದ್ದ. ಸ್ನೇಹಿತನೊಬ್ಬನಿಗಾಗಿ ನಾನೂ ಜೊತೆಗೆ ಹೋಗಿದ್ದೆ. ಪೊರ್ಬುಗಳು ಅಂಗೈ ಇಟ್ಟರು, ತೆಗೆದರು. "ಬಿಸಿ ಉಂಟು. ಸ್ವಲ್ಪ ಕೂತುಕೊಳ್ಳುವ ಅಲ್ವಾ?" ಎಂದು ಜಗಲಿಯಲ್ಲಿ ಕೂತರು. ಕೂತವರು ಹಲಸಿನ ಹಣ್ಣಿನಿಂದ ಹಿಡಿದು ಬಂಗುಡೆ ಮೀನಿನವರೆಗೆ ಒಂದೂವರೆ ಗಂಟೆ ಮಾತನಾಡಿದರು. ಇಂಜಿನು ತಣ್ಣಗಾದ ಮೇಲೆ ವ್ಯಾಪಾರಿಯೇ ಹ್ಯಾಂಡಲು ತಿರುಗಿಸಬೇಕಾಯಿತು. ತಿರುಗಿಸಿದ, ತಿರುಗಿಸಿದ, ಅಂಗಿ ಒದ್ದೆಯಾಯಿತು. ಇಂಜಿನು ಕೆಮ್ಮಲೂ ಇಲ್ಲ. "ಪಾಪ, ಅದಕ್ಕೆ ನಿದ್ದೆ ಬಂದಿರಬೇಕು" ಎಂದು ಪೊರ್ಬುಗಳು ಬಹಳ ಮರ್ಯಾದೆಯಿಂದ ಹೇಳಿ ಟೊಪ್ಪಿ ಹಾಕಿಕೊಂಡರು.

ಆ ಟೊಪ್ಪಿಯ ಪಟ್ಟಿಯಲ್ಲಿ ಗೋಣಿ ಹೊಲಿಯುವ ಒಂದು ದಬ್ಬಳ ಸಿಕ್ಕಿಸಿರುತ್ತಿತ್ತು. ಅವರ ಆಯುಧವೆಂದರೆ ಅದೊಂದೇ. ಒಳಗೆ ಹತ್ತಿ ಕಣ್ಣು ಮುಚ್ಚಿಕೊಂಡು ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುವುದು, ಕಾಲಿಗೆ ಎಲ್ಲಿ ಅನುಮಾನ ಬಂತೋ ಅಲ್ಲಿ ಕೂತು ದಬ್ಬಳ ಚುಚ್ಚಿ ನೋಡುವುದು. ಹೊಸ ಬಣ್ಣ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಮದುಮಗಳಿಗೂ ಯಾರೂ ಇಷ್ಟು ಬಳಿಯುವುದಿಲ್ಲ" ಎಂದು ನನ್ನ ಕಿವಿಯಲ್ಲಿ ಒಮ್ಮೆ ಹೇಳಿದ್ದುಂಟು.

ಇಷ್ಟೆಲ್ಲ ನೋಡಿ ಅವರು ತೀರ್ಪು ಹೇಳುತ್ತಿದ್ದದ್ದು ಮಾತ್ರ ಬಾಯಿಯಿಂದ ಅಲ್ಲ. ನಮ್ಮ ಜಿಲ್ಲೆಯಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಪೊರ್ಬುಗಳು ಅದನ್ನು ಕೆಲಸ ಮುಗಿಯುವವರೆಗೆ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಬಂದು ಕೂತು, ಬೆಲ್ಲದ ತುಂಡನ್ನು ಬಾಯಿಗೆ ಹಾಕಿದರೆ ಕೊಳ್ಳಬಹುದು ಎಂದರ್ಥ. ಬರೀ ನೀರು ಕುಡಿದರೆ ಬೇಡ. ಕೊಳ್ಳುವವರಿಗೆ ಇದನ್ನು ದಾರಿಯಲ್ಲೇ ಹೇಳಿಕೊಡುತ್ತಿದ್ದರು. ನನಗೂ ಹೇಳಿಕೊಟ್ಟಿದ್ದರು.

"ಬಾಯಿಬಿಟ್ಟು ಹೇಳಿದರೆ ಎಂತ ತೊಂದರೆ?" ಎಂದು ಕೇಳಿದ್ದೆ.

"ಅವರ ಅಂಗಳದಲ್ಲಿ ನಿಂತು ಅವರ ವಸ್ತುವಿಗೆ ಹೆಸರಿಡುವುದಾ? ನಾಳೆ ಅವರು ಅದನ್ನು ಇನ್ನೊಬ್ಬರಿಗೆ ಕೊಡ್ಬೇಕಲ್ಲ. ನಾನು ನಿಮಗೆ ಹೇಳಲು ಬಂದವನು, ಊರಿಗೆ ಹೇಳಲು ಅಲ್ಲ."

ಇಷ್ಟು ಸೂಕ್ಷ್ಮ ಇದ್ದ ಮನುಷ್ಯನನ್ನು ಊರಿನ ಬಾಯಿಗೆ ಹಾಕಿದವನು ನಾನು. ಅದನ್ನು ಹೇಳುವ ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳಬೇಕು.

ನಾನು ಫೋಟೋ ತೆಗೆಯುವವನು. ಬೋಳಾರದಲ್ಲಿ ಬಾಡಿಗೆಯ ಚಿಕ್ಕ ಮನೆ. ಊರಿನ ದೊಡ್ಡ ಸ್ಟುಡಿಯೋಗಳ ಎದುರು ನನ್ನ ಬೇಳೆ ಬೇಯುವ ಹಾಗಿರಲಿಲ್ಲ. ಹಾಗಾಗಿ ಕಾರ್ಕಳ, ಬೆಳ್ತಂಗಡಿ, ಪುತ್ತೂರು ಎಂದು ಹಳ್ಳಿ ಪೇಟೆ ಸುತ್ತುತ್ತಿದ್ದೆ. ಕ್ಯಾಮರಾ, ಅದರ ಮೂರು ಕಾಲು, ಗಾಜಿನ ಪ್ಲೇಟುಗಳ ಪೆಟ್ಟಿಗೆ, ಹಿಂದೆ ಕಟ್ಟುವ ಹೂದೋಟದ ಪರದೆ, ಇಷ್ಟನ್ನು ಬಸ್ಸಿನ ತಲೆಯ ಮೇಲೆ ಹೇರಿ ಹೋಗಬೇಕು. ಪ್ಲೇಟು ಒಡೆಯುತ್ತಿತ್ತು. ಮದುವೆ ಮನೆಯವರು ತೋರಿಸಿದ ಕೊಟ್ಟಿಗೆಯಲ್ಲಿ ಕಂಬಳಿ ಮುಚ್ಚಿ ಕತ್ತಲೆ ಮಾಡಿಕೊಂಡು ಪ್ಲೇಟು ತೊಳೆಯಬೇಕು. ಹೆಂಡತಿ ತಿಂಗಳಿಗೆ ಇಪ್ಪತ್ತು ದಿನ ಒಬ್ಬಳೇ. ಅವಳು ಹೊಳೆಯಾಚೆಯ ಬೆಂಗ್ರೆಯವಳು, ಮೀನು ಹಿಡಿಯುವವರ ಮನೆಯ ಮಗಳು. ಒಬ್ಬಳೇ ಇರುವುದು ಅವಳಿಗೆ ಹೆದರಿಕೆಯೇನಲ್ಲ, ಬೇಸರ. ನನಗೂ ಬೇಸರ.

ಆಗ ಕದ್ರಿ ಗುಡ್ಡೆಯ ಒಬ್ಬ ಶ್ರೀಮಂತರ ಮನೆಯಲ್ಲಿ ಮನೆಮೋಟಾರು ಒಂದು ಮಾರಾಟಕ್ಕೆ ಇದೆ ಎಂದು ಸುದ್ದಿ ಬಂತು. ಯಾವನೋ ಬಿಳಿ ದೊರೆ ಬೇಟೆಗೆ ಹೋಗಲು ಲಾರಿಯ ಮೇಲೆ ಮರದ ಕೋಣೆ ಕಟ್ಟಿಸಿಕೊಂಡಿದ್ದನಂತೆ. ಅವನು ಊರಿಗೆ ಹೋಗುವಾಗ ಇವರು ತೆಗೆದುಕೊಂಡರು. ತೆಗೆದುಕೊಂಡು ಏನು ಮಾಡಬೇಕೆಂದು ತಿಳಿಯದೆ ತೋಟದಲ್ಲಿ ನಿಲ್ಲಿಸಿದರು. ನಾನು ಹೋಗಿ ನೋಡಿದೆ. ಗೋಡೆಗೆ ಮಡಚುವ ಎರಡು ಮಂಚ, ಬೀರು, ಸ್ಟವ್ ಇಡುವ ಕಟ್ಟೆ, ಕೈ ತೊಳೆಯಲು ತಗಡಿನ ತೊಟ್ಟಿ, ಅದರ ನೀರು ಹೋಗಲು ನೆಲದಲ್ಲಿ ಒಂದು ಕೊಳವೆ, ಎರಡು ಕಿಟಕಿಗೆ ಪರದೆ. ಕಿಟಕಿ ಮುಚ್ಚಿದರೆ ಒಳ್ಳೆ ಕತ್ತಲೆ ಕೋಣೆ. ಆ ದಿನವೇ ಅದು ನನ್ನ ತಲೆಗೆ ಏರಿತು. ಅನ್ನ ಉಣ್ಣುವಾಗಲೂ ಪ್ಲೇಟಿನ ಪೆಟ್ಟಿಗೆ ಯಾವ ಮಂಚದ ಕೆಳಗೆ ಇಡುವುದೆಂದೇ ಯೋಚನೆ.

ಹೆಂಡತಿಗೆ ಮನಸ್ಸಿರಲಿಲ್ಲ. "ಇಲ್ಲಿ ಗಟ್ಟಿ ನೆಲದ ಮನೆ ಬಿಟ್ಟು ಚಕ್ರದ ಮೇಲೆ ಯಾರು ಇರ್ತಾರೆ?" ಎಂದಳು. ನಾನು ಬಿಡಲಿಲ್ಲ. ಪೊರ್ಬುಗಳ ಬೆಲ್ಲದ ಕ್ರಮವನ್ನು ನಾನೇ ಅವಳಿಗೆ ಹೇಳಿದ್ದೆ. ಎಂಟು ದಿನ ಕಾಡಿದ ಮೇಲೆ ಒಂದು ಮಾತು ಕೊಟ್ಟಳು. "ಮೋಟಾರಿನದ್ದು ನನಗೆ ಗೊತ್ತಿಲ್ಲ. ಆದರೆ ಮರದ್ದು ಗೊತ್ತುಂಟು. ನಮ್ಮಲ್ಲಿ ಹಳೆ ದೋಣಿ ತೆಕ್ಕೊಳ್ಳುವಾಗ, ದೋಣಿ ಕಟ್ಟುವವನು ನೋಡಿ ಹೂಂ ಅಂದ ಮೇಲೆಯೇ ಹೆಂಗಸರು ಅದಕ್ಕೆ ಕಾಲಿಡುವುದು. ಪೊರ್ಬುಗಳು ಬೆಲ್ಲ ತಿಂದರೆ ನಾನು ಬರ್ತೇನೆ. ಇಲ್ಲದಿದ್ದರೆ ಇಲ್ಲ."

ಹೀಗೆ ಒಂದು ಬೆಳಿಗ್ಗೆ ಬಿಜೈಗೆ ಹೋಗಿ ಪೊರ್ಬುಗಳನ್ನು ಕರೆದೆ. ಅವರ ಹೆಂಡತಿ, ನಾವು ಬಾಯಮ್ಮ ಎನ್ನುತ್ತಿದ್ದೆವು, ಸಕ್ಕರೆ ಹಾಕದ ಕಾಫಿಯನ್ನು ಗಂಡನ ಮುಂದೆ ಕುಕ್ಕಿ ನನಗೆ ದೂರು ಹೇಳಿದರು. ಡಾಕ್ಟರರು ಸಿಹಿಮೂತ್ರದ ಕಾಯಿಲೆ ಎಂದಿದ್ದಾರೆ, ಸಿಹಿ ಮುಟ್ಟಬಾರದು ಎಂದಿದ್ದಾರೆ, ಇವರಿಗೆ ಮಾತ್ರ ಲೆಕ್ಕವೇ ಇಲ್ಲ. ಬಾಯಮ್ಮನ ಬಾಯಿ ಜೋರು. ಗಂಡನನ್ನು ಬೈಯುವುದು ಅವರ ಪ್ರೀತಿಯ ರೀತಿ ಎಂದು ಬಿಜೈಗೆಲ್ಲ ಗೊತ್ತಿತ್ತು. ಪೊರ್ಬುಗಳು ತಲೆ ತಗ್ಗಿಸಿ ಕೇಳಿ, ಗೇಟು ದಾಟಿದ ಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಕೆಲಸದ ಬೆಲ್ಲಕ್ಕೆ ಡಾಕ್ಟರರ ಮಾತು ಇಲ್ಲ. ಒಳ್ಳೆಯದು ಕಂಡರೆ ತಿಂದೇ ತಿನ್ತೇನೆ. ನೀವು ಬೇರೆ ಅರ್ಥ ಮಾಡ್ಬೇಡಿ ಆಯ್ತಾ?"

ಈ ಮಾತನ್ನು ನಾನು ನನ್ನ ಎರಡು ಕಿವಿಯಿಂದ ಕೇಳಿದ್ದೇನೆ.

ಕದ್ರಿಯಲ್ಲಿ ಮನೆಮೋಟಾರಿಗೆ ಹಸಿರು ಬಣ್ಣ ಹೊಡೆದು ನಿಲ್ಲಿಸಿದ್ದರು. ಪೊರ್ಬುಗಳು ನೆಲ ನೋಡಿದರು. ಅಂಗೈ ಇಟ್ಟರು, ಇಂಜಿನು ತಣ್ಣಗಿತ್ತು. ಹ್ಯಾಂಡಲನ್ನು ಅವರೇ ತಿರುಗಿಸಿದರು, ಎರಡನೆಯ ಸುತ್ತಿಗೇ ಹಿಡಿಯಿತು. ಕಿವಿ ಕೊಟ್ಟು ಕೇಳಿ ತಲೆಯಾಡಿಸಿದರು. ನನಗೆ ಆಕಾಶ ಮೂರೇ ಗೇಣು. ಆಮೇಲೆ ಒಳಗೆ ಹತ್ತಿದರು. ಆ ಮನೆಯವರು ಅದರಲ್ಲಿ ಕೋಳಿ ಸಾಕಿದ್ದರೆಂದು ಕಾಣುತ್ತದೆ, ಬಣ್ಣದ ವಾಸನೆಯ ಕೆಳಗೆ ಅದೊಂದು ವಾಸನೆ ಇತ್ತು. ಪೊರ್ಬುಗಳು ಕಣ್ಣು ಮುಚ್ಚಿ ನಡೆದರು. ಬಾಗಿಲ ಪಕ್ಕ, ತಗಡಿನ ತೊಟ್ಟಿಯ ಹತ್ತಿರ ನಿಂತರು. ಹಿಂದೆ ಹೋದರು, ಮತ್ತೆ ಬಂದು ಅಲ್ಲೇ ನಿಂತರು. ಕೂತು ದಬ್ಬಳ ಚುಚ್ಚಿದರು. ಎಷ್ಟು ಒಳಗೆ ಹೋಯಿತೆಂದು ನಾನು ನೋಡಲಿಲ್ಲ. ನಾನು ಆಗ ಗೇಣಿನಲ್ಲಿ ಬೀರು ಅಳೆಯುತ್ತಿದ್ದೆ. ನೋಡಿದ್ದು ಒಂದೇ, ಅವರು ದಬ್ಬಳವನ್ನು ಹೆಬ್ಬೆರಳಿನಿಂದ ಒರೆಸಿ ಟೊಪ್ಪಿಗೆ ಸಿಕ್ಕಿಸಿಕೊಂಡದ್ದು.

ಜಗಲಿಯಲ್ಲಿ ಬೆಲ್ಲ, ನೀರು ಬಂತು. ಪೊರ್ಬುಗಳು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಚೆಂಬು ಎತ್ತಿ ನೀರು ಕುಡಿದರು. ಪೂರ್ತಿ ಕುಡಿದು ಬಾಯಿ ಒರೆಸಿ, "ನಾನು ಹೊರಡ್ತೇನೆ. ನೀವು ನಿಧಾನಕ್ಕೆ ಬನ್ನಿ" ಎಂದು ಎದ್ದರು.

ಪುತ್ತೂರಿನವರು ಯಾರೋ ನಾಳೆ ಮೋಟಾರು ನೋಡಲು ಬರುತ್ತಾರೆ ಎಂದರು ಮನೆಯ ಯಜಮಾನರು. ಪಾಪ, ಸಿಹಿಮೂತ್ರ, ಹಾಗಾಗಿ ಬೆಲ್ಲ ಬಿಟ್ಟರು ಎಂದಿತು ನನ್ನ ಮನಸ್ಸು. ಆ ಬೆಳಿಗ್ಗೆಯೇ ಕೇಳಿದ ಮಾತನ್ನು ಅದು ಎಷ್ಟು ಬೇಗ ಮರೆಯಿತೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಲ್ಲೇ ಮುಂಗಡ ಕೊಟ್ಟೆ. ಗುಡ್ಡೆಯ ಬುಡದಲ್ಲಿ ಪೊರ್ಬುಗಳು ನನಗಾಗಿ ಕಾಯುತ್ತಿರುತ್ತಾರೆಂದು ಗೊತ್ತಿತ್ತು. ನಾನು ಇನ್ನೊಂದು ದಾರಿಯಲ್ಲಿ ಇಳಿದೆ.

ಮನೆಯಲ್ಲಿ ಹೆಂಡತಿ ಬಾವಿಕಟ್ಟೆಯ ಹತ್ತಿರ ಮೀನು ಕೊಯ್ದು ತೊಳೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಪೊರ್ಬುಗಳು ಬೆಲ್ಲ ತಿಂದರಾ?"

"ತಿಂದರು" ಎಂದೆ.

ಇಷ್ಟೇ ನಾನು ಮಾಡಿದ್ದು. ಒಂದು ಶಬ್ದ.

ಎರಡು ದಿನ ಬಿಟ್ಟು ಪೊರ್ಬುಗಳು ನಮ್ಮ ಮನೆಯ ಗೇಟಿನ ಹತ್ತಿರ ಬಂದರು. ನಾನು ಓಡಿಹೋಗಿ ಅವರನ್ನು ಮಾರ್ಗದ ಆಚೆ ಕರೆದುಕೊಂಡು ಹೋದೆ.

"ತೆಕ್ಕೊಂಡಿರಂತೆ" ಎಂದರು. ಬೈಯಲಿಲ್ಲ. "ಇಂಜಿನು ಚಿನ್ನ. ಆದರೆ ಬಾಗಿಲ ಕೆಳಗಿನ ತೊಲೆ ಹೋಗಿದೆ. ತೊಟ್ಟಿಯ ನೀರು ವರ್ಷಗಟ್ಟಲೆ ಅಲ್ಲಿಗೇ ಇಳಿದಿದೆ, ಮೇಲಿಂದ ಬಣ್ಣ ಮಾತ್ರ. ಮೆಟ್ಟಲು ನಿಂತಿರುವುದೂ ಅದರ ಮೇಲೆಯೇ. ನನ್ನ ಹತ್ತಿರ ಹೆಬ್ಬಲಸಿನ ಮರದ ಒಂದು ಒಳ್ಳೆ ತುಂಡು ಉಂಟು. ಎರಡು ದಿನದ ಕೆಲಸ. ಇಲ್ಲೇ ಅಂಗಳಕ್ಕೆ ಬಂದು ಮಾಡಿ ಕೊಡ್ತೇನೆ. ಅದು ಆಗದೆ ಅಮ್ಮನನ್ನು ಹತ್ತಿಸ್ಬೇಡಿ."

"ಖಂಡಿತ, ನಾನೇ ಹೇಳಿ ಕಳಿಸ್ತೇನೆ" ಎಂದೆ.

ಹೇಳಿ ಕಳಿಸಲಿಲ್ಲ. ಅವರು ಉಳಿ ಸುತ್ತಿಗೆ ಹಿಡಿದು ನಮ್ಮ ಅಂಗಳದಲ್ಲಿ ಕೂತರೆ ಹೆಂಡತಿ ಕೇಳದೆ ಇರುತ್ತಾಳೆಯೇ? ಬೆಲ್ಲ ತಿಂದು ಸರಿ ಎಂದ ಮೋಟಾರಿನ ತೊಲೆ ಯಾಕೆ ಬಿಚ್ಚುತ್ತೀರಿ ಎಂದು ಕೇಳಿಯೇ ಕೇಳುತ್ತಾಳೆ. ಮದುವೆಗಳ ಕಾಲ ಮುಗಿಯಲಿ, ಬೇರೆ ಊರಿನಲ್ಲಿ ಯಾರಾದರೂ ಆಚಾರಿಯಿಂದ ಗುಟ್ಟಾಗಿ ಮಾಡಿಸಿದರಾಯಿತು ಎಂದುಕೊಂಡೆ. ತೊಟ್ಟಿಗೆ ನೀರು ಹಾಕಬೇಡ ಎಂದು ಅವಳಿಗೆ ಹೇಳಿದೆ. ದೊಡ್ಡ ಬುದ್ಧಿವಂತಿಕೆ ಮಾಡಿದ ಹಾಗೆ ಸಮಾಧಾನವೂ ಆಯಿತು.

ನಿಜ ಹೇಳಬೇಕೆಂದರೆ ಆ ಎರಡು ತಿಂಗಳು ನಾವು ಚೆನ್ನಾಗಿದ್ದೆವು. ಅವಳು ಕಿಟಕಿಗೆ ಹೊಸ ಪರದೆ ಹೊಲಿದಳು. ಹಳ್ಳಿಯ ಹೆಂಗಸರು ಒಳಗೆ ಇಣುಕಿ ನೋಡಿ, "ಅಡಿಗೆಯೂ ಇದರಲ್ಲೇ ಉಂಟಾ?" ಎಂದು ಕೇಳಿದಾಗ ಮನೆ ತೋರಿಸುವ ಯಜಮಾನಿಯ ಹಾಗೆ ಎಲ್ಲ ತೋರಿಸುತ್ತಿದ್ದಳು. ಚಕ್ರದ ಮೇಲಿನ ಸಂಸಾರ ಅವಳಿಗೆ ಹಿಡಿಸಿತ್ತು. ಪೊರ್ಬುಗಳ ಹೆಸರು ಹೇಳಿ ಎರಡು ಸಲ ಹೊಗಳಿದ್ದೂ ಉಂಟು. ಆಗೆಲ್ಲ ನಾನು ಪ್ಲೇಟು ಒರೆಸುವ ನೆವದಲ್ಲಿ ಕೆಳಗೆ ಇಳಿಯುತ್ತಿದ್ದೆ.

ಬೆಳ್ತಂಗಡಿಯ ಹತ್ತಿರ, ಒಂದು ಮಧ್ಯಾಹ್ನ, ಹೊಳೆಯಿಂದ ತಂದ ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು ಅವಳು ಮೆಟ್ಟಲು ಹತ್ತುತ್ತಿದ್ದಳು. ನಾನು ಮುಂದುಗಡೆ ಇದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಕೊಳೆತ ಮರ ಮುರಿಯುವಾಗ ಸದ್ದು ಆಗುವುದಿಲ್ಲ. ಮೆಟ್ಟಲು, ಅದನ್ನು ಹಿಡಿದಿದ್ದ ತೊಲೆ, ಬಾಗಿಲ ಹಲಗೆ ಮೂರೂ ಒಟ್ಟಿಗೆ ಕಳಚಿ ಬಂದವು. ಅವಳು ಹಿಂದಕ್ಕೆ ಬಿದ್ದಳು, ತೊಲೆ ಅವಳ ಎಡತೊಡೆಯ ಮೇಲೆ ಬಿತ್ತು. ಎತ್ತಲು ಹೋದಾಗ ಅದರ ಕೊಳೆತ ತುದಿ ನನ್ನ ಬೆರಳುಗಳ ನಡುವೆ ಒದ್ದೆ ಹಿಟ್ಟಿನ ಹಾಗೆ ಉದುರಿತು.

ಮಂಗಳೂರಿನ ಆಸ್ಪತ್ರೆಯಲ್ಲಿ ಅವಳು ಮೂರು ತಿಂಗಳು ಮಲಗಿದಳು. ಎಲುಬು ಕೂಡಿತು, ನೆಟ್ಟಗೆ ಕೂಡಲಿಲ್ಲ.

ಪೊರ್ಬುಗಳು ಎರಡನೆಯ ವಾರ ನೋಡಲು ಬಂದರು. ಕೈಯಲ್ಲಿ ಟೊಪ್ಪಿ ಹಿಡಿದು ಮಂಚದ ಕಾಲ ಬಳಿ ನಿಂತರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಅವಳು ಅವರನ್ನು ಕೂರಿಸಿದಳು, ಬಾಯಮ್ಮನ ಸುಖ ಕೇಳಿದಳು. ಆಮೇಲೆ ಹೇಳಿದಳು: "ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ನೀವು ನೋಡಿ ಬೆಲ್ಲ ತಿಂದಿದ್ದೀರಿ ಅಂತ ಇವರು ಹೇಳಿದ ಮೇಲೆಯೇ ನಾನು ಅದಕ್ಕೆ ಹತ್ತಿದ್ದು. ಆ ತೊಲೆ ನಿಮಗೆ ಕಾಣಲಿಲ್ವಾ?"

ಪೊರ್ಬುಗಳು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಹೌದಮ್ಮ. ತಪ್ಪಿತು" ಎಂದರು. "ಪ್ರಾಯ ಆಯ್ತಲ್ಲ. ಕಾಲಿಗೆ ಮೊದಲಿನ ಹಾಗೆ ಗೊತ್ತಾಗುವುದಿಲ್ಲ."

ಅವಳು ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

ಜಗಲಿಗೆ ಬಂದ ಮೇಲೆ ನನಗೆ ಮಾತು ಬಂತು. "ಯಾಕೆ ಹಾಗೆ ಹೇಳಿದಿರಿ?"

"ಮತ್ತೆಂತ ಹೇಳುವುದು? ಕಾಲಿಗೆ ಹಲಗೆ ಕಟ್ಟಿ ಮಲಗಿದ್ದಾರೆ. ಅವರಿಗೆ ನೀರು ಕೊಡುವುದು ನೀವು, ಎಬ್ಬಿಸಿ ಕೂರಿಸುವುದು ನೀವು. ಈಗ ನಿಮ್ಮ ಮೇಲೆ ಸಿಟ್ಟು ಬಂದರೆ ಅವರು ಯಾರ ಕೈ ಹಿಡಿದು ಏಳ್ಬೇಕು?" ಟೊಪ್ಪಿ ಹಾಕಿಕೊಂಡರು. "ನಡೆಯಲು ಶುರು ಮಾಡಿದ ಮೇಲೆ ನೀವೇ ಹೇಳಿ. ನಾನು ಯಾರಿಗೂ ಹೇಳುವುದಿಲ್ಲ. ಅಷ್ಟು ದಿನ ನನ್ನ ಮೇಲೆ ಇರಲಿ."

ಅವಳು ನಡೆಯಲು ಶುರು ಮಾಡಿದಳು. ಮೊದಲು ಎರಡು ಕೋಲು, ಆಮೇಲೆ ಒಂದು, ಆಮೇಲೆ ಕೋಲಿಲ್ಲದೆ ಎಡಗಾಲು ಎಳೆದುಕೊಂಡು. ನಾನು ಹೇಳಲಿಲ್ಲ. ಈ ವಾರ, ಬರುವ ವಾರ, ಅವಳ ಅಣ್ಣ ಬಂದು ಹೋಗಲಿ, ಮಳೆಗಾಲ ಕಳೆಯಲಿ. ಒಂದು ವರ್ಷ ದಾಟಿದ ಮೇಲೆ ಸುಳ್ಳಿಗಿಂತ, ಇಷ್ಟು ದಿನ ಹೇಳದೆ ಇದ್ದದ್ದೇ ದೊಡ್ಡದಾಯಿತು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನನ್ನಲ್ಲಿ ಇರಲಿಲ್ಲ. ನಾನು ಹೇಡಿ. ಇದಕ್ಕೆ ಬೇರೆ ಶಬ್ದ ಹುಡುಕಿ ಪ್ರಯೋಜನವಿಲ್ಲ.

ಈ ನಡುವೆ ಅವಳ ಅಣ್ಣ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಂದು ಹಂಪನಕಟ್ಟೆಯ ಹೋಟೆಲಿನಲ್ಲಿ ಕೂತು, ಪೊರ್ಬುಗಳು ಮಾರುವವರಿಂದ ಕೈ ಬಿಸಿ ಮಾಡಿಸಿಕೊಂಡು ಕೊಳೆತ ಮೋಟಾರು ಪಾಸು ಮಾಡಿದ್ದಾರೆ ಎಂದು ಜೋರಾಗಿ ಹೇಳಿದ್ದ. ಇಂಥ ಮಾತು ಹರಡಲು ಎಷ್ಟು ಹೊತ್ತು ಬೇಕು? ಇಪ್ಪತ್ತು ವರ್ಷ ಬಾಳೆಹಣ್ಣನ್ನೂ ಮುಟ್ಟದೆ ಇದ್ದ ಕೈಯನ್ನು ಒಂದು ತಿಂಗಳಲ್ಲಿ ಜನ ಅನುಮಾನದಿಂದ ನೋಡತೊಡಗಿದರು. ಡಾಕ್ಟರರು ಬೇರೆಯವರನ್ನು ಕರೆದರು, ವಕೀಲರೂ ಡಾಕ್ಟರರನ್ನು ನೋಡಿ ಹಾಗೆಯೇ ಮಾಡಿದರು.

ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಪೊರ್ಬುಗಳು ಬೆಲ್ಲದ ಕ್ರಮವನ್ನೇ ಬಿಟ್ಟಿದ್ದರು. ಅಪರೂಪಕ್ಕೆ ಯಾರಾದರೂ ಕರೆದರೆ, ಮಾರುವವರ ಎದುರಿಗೇ, ಅವರ ಅಂಗಳದಲ್ಲೇ ನಿಂತು, "ಇದು ಹೋಗಿದೆ, ಇದು ಬೇಡ" ಎಂದು ದೊಡ್ಡ ಸ್ವರದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳತೊಡಗಿದ್ದರು. ಎರಡು ಮೂರು ಸಲ ಜಗಳವಾಯಿತು. ಒಂದು ಕಡೆ ನಾಯಿ ಬಿಡುತ್ತೇನೆ ಎಂದರಂತೆ. ಆಮೇಲೆ ಮಾರುವವರೇ "ಪೊರ್ಬುಗಳನ್ನು ತರುವುದಾದರೆ ಬರಬೇಡಿ" ಎನ್ನಲು ಶುರು ಮಾಡಿದರು. ಅವರು ಮತ್ತೆ ಬೆಂಚು, ತೊಟ್ಟಿಲು ಮಾಡಿಕೊಂಡು ಕೂತರು.

ದಾರಿಯಲ್ಲಿ ಸಿಕ್ಕಾಗ ಪ್ರತಿ ಸಲವೂ ನಿಂತು ಕೇಳುತ್ತಿದ್ದರು: "ಅಮ್ಮ ಹೇಗಿದ್ದಾರೆ? ಮೆಟ್ಟಲು ಹತ್ತುತ್ತಾರಾ?" ನಾನು ಹೂಂ ಎನ್ನುತ್ತಿದ್ದೆ. ಹೇಳಿದಿರಾ ಎಂದು ಅವರು ಕೇಳುತ್ತಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಒಂದೇ ಒಂದು ಸಲ ಕೇಳಿದರು. ಯುದ್ಧದ ಕಾಲ, ಪೆಟ್ರೋಲು ಇಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಅಂಥ ಒಂದು ಬಸ್ಸಿಗಾಗಿ ಇಬ್ಬರೂ ಕಾಯುತ್ತಿದ್ದೆವು.

"ಹೇಳಿದ್ರಾ?" ಎಂದರು.

"ಇಲ್ಲ."

"ಸರಿ" ಎಂದರು. ಆಮೇಲೆ, ಇದ್ದಿಲಿನ ಬಿಸಿಗೆ ಬಸ್ಸಿನ ಹಿಂದಿನ ಹಲಗೆ ಹೇಗೆ ಬಿರಿಯುತ್ತದೆ ಎಂದು ವಿವರಿಸಿದರು. ಬಸ್ಸು ಬರುವವರೆಗೂ ಅದನ್ನೇ ಹೇಳಿದರು.

ಅವರು ತೀರಿಹೋದ ಸುದ್ದಿಯನ್ನು ಹಾಲಿನವಳು ತಂದಳು. ಕಾಲಿಗೆ ಗಾಯವಾಗಿ ಮಾಯದೆ ಮಲಗಿದ್ದರಂತೆ. ನಾನು ಅಂಗಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿಯೂ ಸೀರೆ ಬದಲಿಸಿಕೊಂಡು ಬಂದಳು. "ನೀನು ಯಾಕೆ? ಅಷ್ಟು ದೂರ" ಎಂದೆ.

"ಎಂಟು ವರ್ಷ ಅವರಿಗೆ ಒಂದು ಒಳ್ಳೆ ಮಾತು ಹೇಳಲಿಲ್ಲ ನಾನು. ಈಗಲಾದರೂ ಬರ್ತೇನೆ" ಎಂದಳು.

ಬಿಜೈಯ ಮನೆಯ ಚಿಕ್ಕ ಚಾವಡಿಯಲ್ಲಿ ಅವರನ್ನು ಮಲಗಿಸಿದ್ದರು. ತಲೆಯ ಹತ್ತಿರ ಎರಡು ಮೇಣದ ಬತ್ತಿ. ಬಾಯಮ್ಮ ಚಾಪೆಯ ಮೇಲೆ ಕೂತಿದ್ದರು, ನೆರೆಯ ಮೂರು ನಾಲ್ಕು ಹೆಂಗಸರು ಜಪಮಾಲೆ ಹಿಡಿದಿದ್ದರು. ನನ್ನ ಹೆಂಡತಿ ಗೋಡೆ ಹಿಡಿದುಕೊಂಡು ನಡೆದು ಹೋಗಿ ಬಾಯಮ್ಮನ ಎದುರು ನಿಂತಳು. ಅವಳ ಕಾಲು ನೋಡಿ ಬಾಯಮ್ಮ ಮುಖ ಮುಚ್ಚಿಕೊಂಡರು.

"ಬಾಯಮ್ಮ, ನನಗೆ ಅವರ ಮೇಲೆ ಎಂತ ಸಿಟ್ಟೂ ಇಲ್ಲ" ಎಂದಳು ಇವಳು. "ಯಾರಿಂದಲೂ ತಪ್ಪು ಆಗ್ತದೆ. ನಾನು ಅವರನ್ನು ಕ್ಷಮಿಸಿದ್ದೇನೆ. ಅದನ್ನು ಹೇಳಿ ಹೋಗುವ ಅಂತ ಬಂದೆ."

ಬಾಯಮ್ಮ ಅವಳ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. "ನೀವು ದೊಡ್ಡವರು. ನಿಮ್ಮ ಉಪಕಾರ ಮರೆಯುವುದಿಲ್ಲ" ಎಂದು ಅತ್ತರು. ಕ್ಷಮಿಸಿದ್ದಕ್ಕೆ ಉಪಕಾರ ನೆನೆಯುತ್ತಿದ್ದರು. ಅದನ್ನು ನೋಡುತ್ತ ನಿಲ್ಲಲು ನನ್ನಿಂದ ಆಗಲಿಲ್ಲ.

"ತಪ್ಪು ಅವರದ್ದಲ್ಲ" ಎಂದೆ. ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿತು. "ಅವರು ಬೇಡ ಅಂದಿದ್ದರು. ತೊಲೆ ಹೋಗಿದೆ ಅಂತ ಮನೆಯವರೆಗೆ ಬಂದು ಹೇಳಿದ್ದರು. ನಾನು ಇವಳಿಗೆ ಸುಳ್ಳು ಹೇಳಿದೆ. ಆಸ್ಪತ್ರೆಯಲ್ಲಿ ನನಗೋಸ್ಕರ ಅವರೂ ಸುಳ್ಳು ಹೇಳಿದರು."

ಜಪ ನಿಂತಿತು. ಹೆಂಡತಿ ನನ್ನ ಕಡೆ ತಿರುಗಲಿಲ್ಲ. ಬಾಯಮ್ಮ ಅವಳ ಕೈ ಬಿಟ್ಟು, ಮಲಗಿದ್ದ ಗಂಡನನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರ ಸ್ವರ ಯಾವತ್ತೂ ಇಲ್ಲದಷ್ಟು ಸಣ್ಣದಾಗಿತ್ತು.

"ಎಂಟು ವರ್ಷ ನಾನು ಈ ಒಂದು ವಿಷಯಕ್ಕೆ ಅವರನ್ನು ಬೈದಿದ್ದೇನೆ" ಎಂದರು. "ಒಂದು ಹೆಂಗಸಿನ ಕಾಲು ಮುರಿದ ಕೈಯಿಂದ ಹೇಗೆ ಅನ್ನ ಉಣ್ತೀರಿ ಅಂತ ಉಣ್ಣಲು ಕೂತಾಗ ಕೇಳಿದ್ದೇನೆ. ಮೊನ್ನೆ, ಮಾತು ನಿಲ್ಲುವ ಮೊದಲೂ ಕೇಳಿದ್ದೇನೆ. ಒಂದು ದಿನವೂ ಅಲ್ಲ ಅನ್ನಲಿಲ್ಲ ಮಾರಾಯರೇ. ಈಗ ನಾನು ಯಾರ ಹತ್ತಿರ ಹೋಗಿ ತಪ್ಪಾಯ್ತು ಅನ್ನಲಿ?"

ನನ್ನ ಹೆಂಡತಿ ಎಡಗಾಲನ್ನು ಕೈಯಿಂದ ಹಿಡಿದು ಮಡಚಿ, ಬಾಯಮ್ಮನ ಪಕ್ಕ ಚಾಪೆಯ ಮೇಲೆ ಕೂತಳು. ಹಾಗೆ ಕೂರುವುದು ಅವಳಿಗೆ ಕಷ್ಟ. ನಾನು ಹಿಡಿಯಲು ಹೋದೆ.

"ಬೇಡ. ನೀವು ಹೊರಗೆ ಇರಿ" ಎಂದಳು.